ಬಸ್ಸು ಹತ್ತಿದ ಒತ್ತಾಯ

ಅಕ್ಕನ ಸೀರೆಯ ಎಡಸೊಂಟ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಬಾಳೆಪಟ್ಟೆಯಿಂದ ಸೀಳಿದ ನಾರನ್ನು ನೀರಿನಲ್ಲಿ ನೆನೆಸಿ, ಒಂದು ಹಿಡಿಯಷ್ಟನ್ನು ಅಲ್ಲಿ ಸಿಕ್ಕಿಸಿಕೊಂಡೇ ಅವರು ಬೆಳಿಗ್ಗೆ ಒಲೆಯ ಮುಂದೆ ನಿಲ್ಲುವುದು. ತೆಳ್ಳೇವು ಅಂದರೆ ನೀರಾದ ಅಕ್ಕಿಹಿಟ್ಟಿನಲ್ಲಿ ಹೊಯ್ಯುವ, ಆಚೆ ಬದಿಯ ಬೆಳಕು ಕಾಣುವಷ್ಟು ತೆಳುವಾದ ನಮ್ಮ ಕಡೆಯ ದೋಸೆ. ಅದನ್ನು ಸಟ್ಟುಗ ಮುಟ್ಟದೆ ಬೆರಳಿನಲ್ಲೇ ಕಾವಲಿಯಿಂದ ಎಬ್ಬಿಸಿ, ಬಾಡಿಸಿದ ಬಾಳೆಎಲೆಯ ಮೇಲೆ ಹಾಸಿ, ಕಾಯಿಚಟ್ನಿ ಸವರಿ, ಸುರುಳಿ ಸುತ್ತಿ, ಸೊಂಟದಿಂದ ಒಂದೆಳೆ ನಾರು ಎಳೆದು ಬಿಗಿದರೆ ಪೊಟ್ಟಣ ಸಿದ್ಧ. ಅಷ್ಟು ಆಗುವಾಗ ಅವರ ಬಾಯಿ ಮುಂದಿನ ಗಿರಾಕಿಯ ಯೋಗಕ್ಷೇಮ ವಿಚಾರಿಸುತ್ತಿರುತ್ತಿತ್ತು. ನಾರು ಹುಡುಕಲು ಅವರು ಒಮ್ಮೆಯೂ ಕೆಳಗೆ ನೋಡಿದ್ದನ್ನು ನಾನು ಕಂಡಿಲ್ಲ.

ನಾನು ಬಸ್ ಕಂಡಕ್ಟರ್. ತೊಂಬತ್ತರ ದಶಕದ ಶುರುವಿನಿಂದ ಸಿದ್ದಾಪುರ, ಶಿರಸಿ, ಯಲ್ಲಾಪುರದ ನಡುವೆಯೇ ಸೀಟಿ ಊದಿಕೊಂಡು ತಿರುಗಿದವನು. ರೈಲು ಕಾಣದ ನಮ್ಮ ಸೀಮೆಯಲ್ಲಿ ಕಂಡಕ್ಟರನಿಗೆ ಸ್ವಲ್ಪ ಹೆಚ್ಚೇ ಮರ್ಯಾದೆ, ಆದರೆ ಅವನ ಹೊಟ್ಟೆಗೆ ಮಾತ್ರ ಏನೂ ಇಲ್ಲ. ಸಿಕ್ಕಲ್ಲಿ ಚಾ, ಸಿಕ್ಕಾಗ ಬಜ್ಜಿ. ಮೂವತ್ತು ದಾಟುವುದರೊಳಗೆ ನನಗೆ ಎದೆಯುರಿ ಹತ್ತಿಕೊಂಡಿತ್ತು. ಟಿಕೆಟ್ ಹರಿಯುತ್ತಾ ಹರಿಯುತ್ತಾ ಕಂಬಿ ಹಿಡಿದು ಬಾಗಿ ನಿಂತುಬಿಡುತ್ತಿದ್ದೆ.

ಶಿರಸಿ ಬಸ್ ನಿಲ್ದಾಣದ ಎದುರಿಗೆ ಅಕ್ಕ ತಮ್ಮ ಮಳಿಗೆ ತೆರೆದದ್ದು ಆಗಲೇ. ನನ್ನ ಒಡಹುಟ್ಟಿದವರಲ್ಲ, ಊರಿಗೆಲ್ಲ ಅಕ್ಕ; ಹೆಗ್ಗರಣೆ ಕಡೆಯವರು. ಗಂಡ ಮದುವೆ ಮುಂಜಿಗಳಲ್ಲಿ ಅಡಿಗೆ ಮಾಡುತ್ತಿದ್ದವರು, ತೀರಿಕೊಂಡಿದ್ದರು. ಪಾತ್ರೆಗಳಿದ್ದವು, ಬಡಿಸಿ ಪಳಗಿದ ನೆಂಟರಿದ್ದರು, ಜೊತೆಗೆ ಅಕ್ಕನ ಹಟವಿತ್ತು. ಬಸ್ಸಿಗೆ ಹೋಗುವವನು ನಿಂತುಕೊಂಡೇ ತಿಂದು ಹೊರಡುವಂಥ ಹೋಟೆಲು. ಆದರೆ ತಿನ್ನುವುದೆಲ್ಲ ಈ ಮೂರು ತಾಲೂಕಿನಲ್ಲಿ ಬೆಳೆದದ್ದೇ ಆಗಿರಬೇಕು. ಬನವಾಸಿ ಕಡೆಯ ಅಕ್ಕಿ, ಜೇನಿನಂತೆ ಹರಿಯುವ ಜೋನಿ ಬೆಲ್ಲ, ಸವತೆಕಾಯಿ, ಕೋಕಂ ಎನ್ನುತ್ತಾರಲ್ಲ ಆ ಮುರುಗಲಿನ ಪಾನಕ, ಮಾವಿನಕಾಯಿಯ ಅಪ್ಪೆಹುಳಿ. ಒಲೆಗೆ ಅಡಿಕೆ ಸಿಪ್ಪೆ. ತಟ್ಟೆಯ ಬದಲು ಎಲೆ, ತಿಂದ ಎಲೆ ಸಂಜೆಗೆ ಗೊಬ್ಬರಗುಂಡಿಗೆ. ಪ್ಲಾಸ್ಟಿಕ್ ಕೊಟ್ಟೆ ಹಿಡಿದು ಪಾರ್ಸೆಲ್ ಕೇಳಿದವರನ್ನು ಅಕ್ಕ ನೋಡುತ್ತಿದ್ದ ರೀತಿಗೆ ಅವರು ಕೊಟ್ಟೆಯನ್ನು ತಾವಾಗಿಯೇ ಕಿಸೆಗೆ ಸೇರಿಸುತ್ತಿದ್ದರು.

ಮೊದಲ ದಿನವೇ ಎಡವಟ್ಟು. ನಮ್ಮ ಕಡೆಯ ಊಟದ ಪಂಕ್ತಿಯನ್ನು ಕಂಡವರಿಗೆ ಒತ್ತಾಯವೆಂದರೇನೆಂದು ಗೊತ್ತು. ಉಣ್ಣುವವನು ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದು ಬೇಡವೇ ಬೇಡ ಎನ್ನಬೇಕು, ಬಡಿಸುವವನು ಆ ಕೈಗಳ ಸಂದಿಯಲ್ಲೇ ಇನ್ನೊಂದು ಹೋಳಿಗೆ ಇಳಿಸಬೇಕು. ಒತ್ತಾಯ ಮಾಡದೆ ಬಡಿಸಿದರೆ ಅದು ಅವಮಾನ. ಅಕ್ಕನ ಮಳಿಗೆಯಲ್ಲಿ ನಿಂತವರೆಲ್ಲ ಅದೇ ಪಂಕ್ತಿಯಿಂದ ಎದ್ದು ಬಂದವರು. ನನ್ನ ಬಸ್ಸಿನ ಅರ್ಧ ಜನ ಒಳಗೆ ನುಗ್ಗಿದರು. ನಾನು ಸೀಟಿ ಊದಿದೆ. ಒಬ್ಬರೂ ಬರಲಿಲ್ಲ. ಹೋಗಿ ನೋಡಿದರೆ ಎಲ್ಲರ ಬಾಯಿ ತುಂಬಿದೆ, ಎರಡೂ ಕೈ ಎಲೆಗೆ ಅಡ್ಡ ಇದೆ, ಬಡಿಸುವವರು "ಇನ್ನೊಂದು, ಇದೊಂದೇ ಒಂದು" ಎಂದು ಬೆನ್ನು ಬಿಡುತ್ತಿಲ್ಲ. ನಮ್ಮ ಡ್ರೈವರ್ ಮಹಾಶಯ ಹಾರ್ನ್ ಹೊಡೆದು ಹೊಡೆದು ಸಾಕಾಗಿ ಹೊರಟೇಬಿಟ್ಟ. ನಾನು ಓಡಿ ಹತ್ತಿದೆ. ಉಳಿದವರ ಚೀಲಗಳು ಅವರಿಲ್ಲದೆಯೇ ಯಲ್ಲಾಪುರ ನೋಡಿ ಬಂದವು.

ಸಂಜೆ ಅದೇ ಚೀಲಗಳನ್ನು ತಂದು ಮಳಿಗೆಯ ಮುಂದೆ ಇಳಿಸಿದಾಗ ಜನರ ಬೈಗುಳ ಮುಗಿದಿತ್ತು. ಬಡಿಸುವವರು ತಲೆ ತಗ್ಗಿಸಿ ನಿಂತಿದ್ದರು. ಅಕ್ಕ ಮಾತ್ರ ಒಂದು ಬಾಳೆಎಲೆಯನ್ನು ಒಲೆಯ ಮೇಲೆ ಆಚೆ ಈಚೆ ತಿರುಗಿಸಿ ಬಾಡಿಸುತ್ತಿದ್ದರು.

"ತಮಾ, ಯಂಗಕ್ಕೆ ಒತ್ತಾಯ ಬಿಡಲೆ ಬತ್ತಿಲ್ಲೆ. ನಿನ್ನ ಬಸ್ಸಿಗೆ ಕಾಯಲೆ ಬತ್ತಿಲ್ಲೆ. ಹಂಗಾರೆ ಎಂತ ಮಾಡವು? ಒತ್ತಾಯನ್ನೇ ಬಸ್ಸು ಹತ್ಸವು."

ಮರುದಿನದಿಂದ ಪೊಟ್ಟಣ ಶುರುವಾಯಿತು. ನಿಂತು ತಿನ್ನುವುದು ಬೇಗ ಬೇಗ. ಒತ್ತಾಯದ ಇನ್ನೊಂದು ತೆಳ್ಳೇವು ಎಲೆಯಲ್ಲಿ ಸುತ್ತಿ ಕೈಗೆ. ಬಸ್ಸು ಊರು ದಾಟುವಾಗ ಒಬ್ಬೊಬ್ಬರೇ ನಾರು ಬಿಚ್ಚುತ್ತಿದ್ದರು. ಬಾಡಿದ ಬಾಳೆಎಲೆಯ ವಾಸನೆ ಬಸ್ಸಿಡೀ ತುಂಬುತ್ತಿತ್ತು. ತಿನ್ನದವರು ತಿನ್ನುವವರನ್ನು ಕೇಳುತ್ತಿದ್ದರು, ಇದು ಎಲ್ಲಿ ಸಿಗುತ್ತದೆ ಎಂದು. ಅಕ್ಕನ ಜಾಹೀರಾತಿಗೆ ನಾನು ಬಿಟ್ಟಿ ವಾಹನ ಓಡಿಸಿದ ಹಾಗಾಯಿತು.

ನನ್ನ ಎದೆಯುರಿಯನ್ನು ಅವರು ಪತ್ತೆ ಹಚ್ಚಿದ್ದು ನಾನು ಚಾ ಕೇಳಿದ ಒಂದು ಬೆಳಿಗ್ಗೆ. "ಮುಖ ನೋಡಿರೇ ಗೊತ್ತಾಗ್ತು, ಹೊಟ್ಟೆ ಉರೀತಾ ಇದ್ದು. ಚಾ ಕೊಡ್ತಿಲ್ಲೆ. ಇದ್ನ ಕುಡಿ" ಎಂದು ಒಂದೆಲಗದ ತಂಬುಳಿಯ ಲೋಟ ಮುಂದಿಟ್ಟರು. ಹೋಟೆಲಿನಲ್ಲಿ ಕೇಳಿದ್ದನ್ನು ಕೊಡುವುದಿಲ್ಲ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ, ನನಗೂ ಬಂತು. ಕುಡಿದೆ. ನಾಳೆಯೂ ಅದೇ, ನಾಡಿದ್ದೂ ಅದೇ. ಆ ಬೇಸಿಗೆ ಕಳೆಯುವಷ್ಟರಲ್ಲಿ ನಾನು ಕಂಬಿ ಹಿಡಿದು ಬಾಗುವುದು ನಿಂತುಹೋಗಿತ್ತು.

ಸಿದ್ದಾಪುರದಲ್ಲಿ ಎರಡನೆಯ ಮಳಿಗೆ ಆಯಿತು, ಅದನ್ನು ಅಕ್ಕನ ತಂಗಿ ನೋಡಿಕೊಂಡರು. ಯಲ್ಲಾಪುರದಲ್ಲಿ ಮೂರನೆಯದು, ಅಲ್ಲಿ ತಂಗಿಯ ಮಗಳು. ಸಿದ್ದಾಪುರದ ಬೆಲ್ಲ ಯಲ್ಲಾಪುರಕ್ಕೆ, ಯಲ್ಲಾಪುರದ ಜೇನುತುಪ್ಪ ಶಿರಸಿಗೆ, ಎಲ್ಲವೂ ನಮ್ಮ ಬಸ್ಸಿನ ಮೇಲೆಯೇ, ಲಗೇಜ್ ಟಿಕೆಟ್ ಪಡೆದು ಪ್ರಯಾಣ ಮಾಡುತ್ತಿದ್ದವು. ಮೂರೂ ಕಡೆ ಒಂದೇ ರುಚಿ, ಒಂದೇ ನಾರು, ಒಂದೇ ಒತ್ತಾಯ. ನನಗಂತೂ ಅದು ನನ್ನದೇ ಸಂಸ್ಥಾನವೆಂಬ ಜಂಭ.

ಎರಡು ಸಾವಿರ ಇಸವಿ ದಾಟಿದ ಮೇಲೆ ಗೋಬಿ ಮಂಚೂರಿ ಬಂತು. ಬಂತು ಅಂದರೆ ಸುಮ್ಮನೆ ಬರಲಿಲ್ಲ, ದಂಡೆತ್ತಿ ಬಂತು. ಸಂಜೆಯಾದರೆ ಬೀದಿಗೊಂದು ಗಾಡಿ, ಕೆಂಪು ಬಣ್ಣ, ಬಾಣಲೆಯ ಢಣಢಣ. ಕಾಲೇಜು ಹುಡುಗರು ಅಕ್ಕನ ಮಳಿಗೆಯ ಮುಂದೆಯೇ ನಡೆದು ಗಾಡಿಯ ಸುತ್ತ ಮುತ್ತಿಕೊಳ್ಳುತ್ತಿದ್ದರು. ಸರಿಯಾಗಿ ಎದುರಿಗೇ ಗಾಡಿ ಹಾಕಿದ್ದವನು ಹಾವೇರಿ ಕಡೆಯ ಒಬ್ಬ ತರುಣ, ಹೆಂಡತಿ, ಮಕ್ಕಳು, ತಮ್ಮ ಎಲ್ಲರನ್ನೂ ಕಟ್ಟಿಕೊಂಡು ಬಂದು ಬಾಡಿಗೆ ಕೋಣೆಯಲ್ಲಿದ್ದ. ಊರೆಲ್ಲ ಅವನನ್ನು ಗೋಬಿಯವ ಅನ್ನುತ್ತಿತ್ತು. ನಾನು ಅಕ್ಕನ ಪಕ್ಷದವನಾದ್ದರಿಂದ ಅವನ ಮುಖ ನೋಡುತ್ತಿರಲಿಲ್ಲ.

ಮಳಿಗೆಗಳು ಸೊರಗಿದವು. ಯಲ್ಲಾಪುರದಲ್ಲಂತೂ ರುಬ್ಬಿದ ಹಿಟ್ಟು ಉಳಿಯತೊಡಗಿತು. ಒಂದು ದಿನ ತಂಗಿಯ ಮಗಳು ನನ್ನ ಬಸ್ಸಿನಲ್ಲೇ ಶಿರಸಿಗೆ ಬಂದಿಳಿದು ನೇರ ಒಲೆಯ ಹತ್ತಿರ ಹೋಗಿ ನಿಂತಳು.

"ದೊಡ್ಡಮ್ಮಾ, ಬಂದವೆಲ್ಲ ಗೋಬಿನೇ ಕೇಳ್ತ. ಯಂಗನೂ ಮಾಡನ. ಬಾಟ್ಲಿ ಪಾನಕನೂ ಇಡನ. ಇಲ್ದಿದ್ರೆ ಬಾಗ್ಲು ಹಾಕದೊಂದೇ ಸೈ."

ಅಕ್ಕ ಕಾವಲಿಯ ಮೇಲಿನ ತೆಳ್ಳೇವು ಎಬ್ಬಿಸಿ ಆದ ಮೇಲೆ ಮಾತಾಡಿದರು. "ಗೋಬಿ ಎಲ್ಲಿಂದ ಬತ್ತು? ಬೆಳಗಾವಿಂದ ಲಾರಿ ಹತ್ತಿ ಬತ್ತು. ಅದು ಇಲ್ಲಿ ಇಳಿದ್ರೆ ಯಂಗಳ ಸವತೆಕಾಯಿ ಅಲ್ಲೇ ಕೊಳೀತು. ಹಂಗಿದ್ದ ಹೋಟ್ಲು ನಡೆಸಲೆ ಬೇರೆಯವು ಬೇಕಾದಷ್ಟು ಜನ ಇದ್ದ, ಅದಕ್ಕೆ ಈ ಅಕ್ಕ ಎಂತಕ್ಕೆ? ಈ ಮಳೆ ಹಿಡಿಯವರೆಗೆ ನೋಡ್ತೆ. ಜನ ಬರ್ದೇ ಹೋದ್ರೆ ಮೂರೂ ಬಾಗ್ಲು ಒಟ್ಟಿಗೇ ಹಾಕ್ತೆ."

ಹುಡುಗಿ ಅತ್ತಳು. ಅಕ್ಕ ಅವಳಿಗೂ ಒಂದು ಪೊಟ್ಟಣ ಕಟ್ಟಿ ಕೈಗಿಟ್ಟು ಬಸ್ಸು ಹತ್ತಿಸಿದರು. ಈ ಹೆಂಗಸು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ ಎಂಬುದು ನನಗೆ ಗೊತ್ತಿತ್ತು.

ಅದೇ ಬೇಸಿಗೆಯಲ್ಲಿ ಲಾರಿ ಮುಷ್ಕರ ಶುರುವಾಯಿತು. ಬಸ್ಸುಗಳು ಓಡುತ್ತಿದ್ದವು, ಲಾರಿಗಳು ಮಾತ್ರ ದಾರಿಬದಿಯಲ್ಲಿ ಸಾಲಾಗಿ ನಿಂತುಬಿಟ್ಟಿದ್ದವು. ಮೊದಲು ತರಕಾರಿ ಹೋಯಿತು, ಆಮೇಲೆ ಮೈದಾ, ಆಮೇಲೆ ಗ್ಯಾಸ್ ಸಿಲಿಂಡರು. ಬಾಟಲಿ ಪಾನೀಯದ ಪೆಟ್ಟಿಗೆಗಳು ಖಾಲಿಯಾದವು. ಪೇಟೆಯ ಹೋಟೆಲುಗಳು ಒಂದೊಂದಾಗಿ "ಇವತ್ತು ರಜೆ" ಎಂದು ಹಲಗೆ ನೇತುಹಾಕಿದವು. ಅಕ್ಕನ ಒಲೆಗೆ ಮಾತ್ರ ಮುಷ್ಕರದ ಸುದ್ದಿಯೇ ತಲುಪಿದಂತಿರಲಿಲ್ಲ. ಅಡಿಕೆ ಸಿಪ್ಪೆ ಉರಿಯುತ್ತಲೇ ಇತ್ತು. ಸವತೆಕಾಯಿ, ತೆಂಗಿನಕಾಯಿ, ಮಾವಿನಕಾಯಿ ನಮ್ಮ ಬಸ್ಸಿನ ತಲೆಯ ಮೇಲೆ ಕೂತು ಬರುತ್ತಲೇ ಇದ್ದವು. ಹೆಗ್ಗರಣೆಯಿಂದ, ನಿಲ್ಕುಂದದಿಂದ ಎಳೆ ಹಲಸಿನಕಾಯಿ ಗೋಣಿಗಟ್ಟಲೆ ಬಂತು. ನಾನು ಏಣಿ ಹತ್ತಿ ಇಳಿಸಿದ್ದೇ ಇಳಿಸಿದ್ದು, ಅಂಗಿಯೆಲ್ಲ ಹಲಸಿನ ಮೇಣ.

ಜನ ಬಂದರು. ಅಬ್ಬಾ, ಎಂಥ ಜನ! ಸಾಲು ಮಳಿಗೆಯಿಂದ ಹೊರಬಿದ್ದು ನಿಲ್ದಾಣದ ಗೇಟಿನವರೆಗೆ ಹೋಯಿತು. ಸೂಟುಕೇಸಿನವರು, ಆಫೀಸಿನವರು, ಬೇರೆ ಹೋಟೆಲಿನ ಮಾಲೀಕರು ಸಹ ಎಲೆ ಹಿಡಿದು ನಿಂತಿದ್ದರು. ಯಲ್ಲಾಪುರದ ಹುಡುಗಿ ನನ್ನ ಕೈಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಹೇಳಿಕಳಿಸುತ್ತಿದ್ದದ್ದು ಒಂದೇ ಮಾತು: "ದೊಡ್ಡಮ್ಮಂಗೆ ಹೇಳು, ಹಿಟ್ಟು ಸಾಲ್ತಿಲ್ಲೆ." ಆ ಮಾತನ್ನು ಅಕ್ಕನ ಮುಂದೆ ಹೇಳುವಾಗ ನನ್ನ ಎದೆ ಉಬ್ಬುತ್ತಿತ್ತು. ಖುಷಿ ತಡೆಯಲಾರದೆ ಗೋಬಿಯವನ ಖಾಲಿ ಗಾಡಿಯ ಕಡೆ ನೋಡಿ ನಕ್ಕೆ.

ಅಕ್ಕನೂ ಅತ್ತ ನೋಡಿದರು. ನಗಲಿಲ್ಲ. ಅವನು ಆರಿದ ಸ್ಟೌವಿನ ಪಕ್ಕ ಕೂತು ಈ ಸಾಲನ್ನೇ ನೋಡುತ್ತಿದ್ದ.

"ಏ ತಮ್ಮಾ, ಬಾ ಇಲ್ಲಿ. ಊಟ ಆಯ್ತಾ ನಿಂದು?" ಎಂದು ಕೂಗಿದರು.

"ಗಾಡೀನ ನಿಂತೈತಲ್ರಿ ಅಕ್ಕಾರ, ಊಟ ಎಲ್ಲೀದ್ರಿ" ಎಂದ ಅವನು.

ಕರೆದು ಎಲೆ ಹಾಕಿದರು. ಒಂದು, ಎರಡು, ಮತ್ತೊಂದು. ಅವನು ಪಂಕ್ತಿಯ ಪದ್ಧತಿ ಅರಿಯದವನು, ಆದರೂ ಸಾಕಾದಾಗ ಮನುಷ್ಯ ಮಾಡುವುದು ಅದನ್ನೇ: ಎರಡೂ ಕೈ ಎಲೆಗೆ ಅಡ್ಡ ಹಿಡಿದ. ಅಕ್ಕ ಸಂದಿಯಲ್ಲಿ ಇನ್ನೊಂದು ಇಳಿಸಿದರು. ಅವನ ಕಣ್ಣಲ್ಲಿ ನೀರು ಬಂತು. ಮನೆಯವರಿಗೆಂದು ನಾಲ್ಕು ಪೊಟ್ಟಣವೂ ಸಿದ್ಧವಾದವು. ಕೈ ತೊಳೆಯಲು ಹಿಂದೆ ಹೋದವನು ಹಲಸಿನಕಾಯಿಯ ರಾಶಿಯ ಹತ್ತಿರ ನಿಂತುಬಿಟ್ಟ.

"ಅಕ್ಕಾರ, ಇದನ್ನ ಹೋಳು ಮಾಡಿ ಕರಿದ್ರ ಹೆಂಗಾಗತೈತ್ರಿ?"

ಹಲಸಿನಕಾಯಿ ನಮಗೆ ಪಲ್ಯ, ಹುಳಿ, ಹಪ್ಪಳ. ಅದಕ್ಕೆ ಬೀದಿಯ ವೇಷ ಹಾಕಬಹುದೆಂದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅಕ್ಕ ಒಂದು ಕಾಯಿ ಎತ್ತಿ ಅವನ ಕೈಗಿಟ್ಟರು. "ಮಾಡು. ಆದರೆ ಆ ಬಣ್ಣ ಬೇಡ, ಆ ಕಪ್ಪು ನೀರೂ ಬೇಡ. ನಾನು ಕೊಟ್ಟಿದ್ದರಲ್ಲೇ ಮಾಡಬೇಕು."

ಮೈದಾದ ಬದಲು ಅಕ್ಕಿಹಿಟ್ಟು, ಸೋಯಾ ಸಾಸಿನ ಆ ಕಪ್ಪು ನೀರಿನ ಬದಲು ಮುರುಗಲು ಹುಳಿ ಮತ್ತು ಜೋನಿ ಬೆಲ್ಲ, ಖಾರಕ್ಕೆ ಸೂಜಿಮೆಣಸು, ಕರಿಯಲು ಕೊಬ್ಬರಿ ಎಣ್ಣೆ. ಅವನ ಗಾಡಿಯ ಬಾಣಲೆಯ ಕೆಳಗೆ ಅಕ್ಕನ ಅಡಿಕೆ ಸಿಪ್ಪೆಯ ಒಲೆ. ಢಣಢಣ ಶುರುವಾಯಿತು. ಜನ್ಮದಲ್ಲಿ ಬೀದಿ ತಿಂಡಿ ಬಾಯಿಗಿಡದ ಅಕ್ಕ ಒಂದು ಹೋಳು ಬಾಯಿಗೆ ಹಾಕಿ ನಿಧಾನವಾಗಿ ಅಗಿದರು. ನನ್ನ ಬಸ್ಸು ಹೊರಡುವ ಹೊತ್ತು ಮೀರಿತ್ತು, ಡ್ರೈವರನೂ ಇಳಿದು ಬಂದು ಅವರ ಮುಖವನ್ನೇ ನೋಡುತ್ತಿದ್ದ.

"ಅಯ್ಯೋ ತಮಾ," ಎಂದರು ನನ್ನ ಕಡೆ ತಿರುಗಿ, "ಇಷ್ಟು ವರ್ಷ ಈ ಹಲಸು ಯಂಗಳ ಮನೇಲಿ ಬರೀ ಪಲ್ಯ ಆಗಿ ಸತ್ತೋತಲಾ!"

ಮುಷ್ಕರ ಮುಗಿಯಿತು, ಲಾರಿಗಳು ಬಂದವು, ಬೆಳಗಾವಿಯ ಗೋಬಿಯೂ ಬಂತು. ಸಾಲು ಮಾತ್ರ ಕರಗಲಿಲ್ಲ. ಹಲಗೆಯ ಮೇಲೆ "ಹಲಸಿನ ಮಂಚೂರಿ, ಕಾಯಿ ಇದ್ದಷ್ಟು ದಿನ" ಎಂದು ಬರೆಸಿದರು. ಕಾಯಿ ಬಲಿತು ಹಣ್ಣಾದ ಮೇಲೆ ಯಾರು ಗೋಗರೆದರೂ ಇಲ್ಲ. ಮುಂದಿನ ವರ್ಷ ಅದಕ್ಕಾಗಿಯೇ ಹುಬ್ಬಳ್ಳಿಯಿಂದ ಬಂದಿಳಿಯುವವರು ಹುಟ್ಟಿಕೊಂಡರು. ಕಾಲೇಜು ಹುಡುಗರು ಮಂಚೂರಿಗೆ ಬಂದು ತಂಬುಳಿ ಕುಡಿದು ಹೋಗುವುದನ್ನು ಕಣ್ಣಾರೆ ಕಂಡೆ. ಮುಷ್ಕರದ ಆ ವರ್ಷ ಮಳೆ ಹಿಡಿದಾಗ ಅಕ್ಕನ ಮೂರು ಬಾಗಿಲುಗಳಲ್ಲಿ ಒಂದೂ ಮುಚ್ಚಲಿಲ್ಲ. ಗೋಬಿಯವನ ಗಾಡಿ ಸೋರುತ್ತದೆಂದು ಅವನನ್ನೂ ಒಳಗೆ ಕರೆದುಕೊಂಡರು. ತಂಗಿ ಮೂಗು ಮುರಿದರು, ಅಕ್ಕ ಸೊಪ್ಪು ಹಾಕಲಿಲ್ಲ. ನಾನೂ ಅವನ ಮುಖ ನೋಡಿ ಮಾತಾಡಲು ಕಲಿತೆ.

ಆ ದಶಕ ಮುಗಿಯುತ್ತಾ ಬಂದಾಗ ಅಕ್ಕ ಹಾಸಿಗೆ ಹಿಡಿದರು. ನೋಡಲು ಹೋದಾಗ ನಾನು ಏನೋ ಸಮಾಧಾನ ಹೇಳಹೊರಟೆ. ಅವರು ನಡುವೆಯೇ ತಡೆದರು. "ಆನು ಸತ್ತೆ ಹೇಳಿ ನಿನ್ನ ಬಸ್ಸು ನಿಲ್ತಾ? ಇಲ್ಲೆ. ಹಂಗಾರೆ ಒಲೆ ಎಂತಕ್ಕೆ ನಿಲ್ಸವು? ಮಳಿಗೆಯವಕ್ಕೆಲ್ಲ ಹೇಳಿಟ್ಟಿದ್ದೆ."

ಅವರು ತೀರಿಕೊಂಡ ಮಾರನೆಯ ಬೆಳಿಗ್ಗೆ ಬಸ್ಸು ಶಿರಸಿ ನಿಲ್ದಾಣದೊಳಗೆ ತಿರುಗುವಾಗ ನಾನು ಬೇಕೆಂದೇ ಆಚೆ ಮುಖ ಮಾಡಿದ್ದೆ. ಮನೆಯವರಿಗೆಲ್ಲ ಸೂತಕ; ತಂಗಿ, ತಂಗಿಯ ಮಗಳು, ಬಡಿಸುವ ನೆಂಟರು, ಯಾರೂ ಆ ಒಲೆ ಮುಟ್ಟುವ ಹಾಗಿರಲಿಲ್ಲ. ಮುಚ್ಚಿದ ಬಾಗಿಲು ನೋಡುವ ಧೈರ್ಯ ನನಗಿರಲಿಲ್ಲ. ಆದರೆ ಬಾಡಿದ ಬಾಳೆಎಲೆಯ ವಾಸನೆ ಮೂಗಿಗೆ ಬಂತು.

ಸೂತಕವಿಲ್ಲದವನು ಒಬ್ಬನಿದ್ದನಲ್ಲ. ಸಿದ್ದಾಪುರಕ್ಕೆ ತಮ್ಮನನ್ನು, ಯಲ್ಲಾಪುರಕ್ಕೆ ಹೆಂಡತಿಯನ್ನು ಹಿಂದಿನ ಸಂಜೆಯ ಬಸ್ಸಿಗೇ ಕಳಿಸಿ, ಶಿರಸಿಯ ಕಾವಲಿಯ ಮುಂದೆ ತಾನೇ ನಿಂತಿದ್ದ ಗೋಬಿಯವ. ಬೆರಳಿನಲ್ಲಿ ತೆಳ್ಳೇವು ಎಬ್ಬಿಸುತ್ತಿದ್ದ. ಅವನ ಅಂಗಿಯ ಎಡಸೊಂಟ ಒದ್ದೆಯಾಗಿತ್ತು. ನಾನು ನಿಂತಲ್ಲೇ ಒಂದು ತಿಂದೆ. ಅವನು ಕೆಳಗೆ ನೋಡದೆಯೇ ನಾರು ಎಳೆದು ಇನ್ನೊಂದನ್ನು ಬಿಗಿದು ನನ್ನತ್ತ ಚಾಚಿದ.

"ತಗೊಳ್ರಿ ಕಂಡಕ್ಟರ್ ಸಾಹೇಬ್ರ, ಬಸ್ಸಿನ್ಯಾಗ ತಿನ್ನಾಕ. ಇದೊಂದ ಒಂದು."

ನಾನು ಎರಡೂ ಕೈ ಅಡ್ಡ ಹಿಡಿದೆ. ಅವನು ಬಿಡಲಿಲ್ಲ.