ಬೋಗುಣಿಯ ಚಕ್ಕುಬಂದಿ

ಟ್ರಂಕಿನ ತಳದಿಂದ ಇವತ್ತು ಕಾರ್ಬನ್ ಕಾಗದದ ವಾಸನೆ ಬಂತು. ನಿಮಗೂ ಗೊತ್ತಿರಬೇಕು: ಮಸಿ, ಮೇಣ, ಸ್ವಲ್ಪ ಸೀಮೆಎಣ್ಣೆ. ನನಗದು ಅಪ್ಪನ ವಾಸನೆ. ತರೀಕೆರೆಯ ತಾಲ್ಲೂಕು ಕಚೇರಿ ಎದುರು ಅವರು ಜಮೀನಿನ ಪತ್ರ ಬರೆಯುತ್ತಿದ್ದರು. ಇಂಗ್ಲಿಷ್ ಅರ್ಜಿಗಳಿಗೆಂದು ಒಂದು ಟೈಪ್‌ರೈಟರ್ ಇಟ್ಟಿದ್ದರು. ನನ್ನ ಪಿಎಚ್.ಡಿ. ಪ್ರಬಂಧ ಟೈಪಾದದ್ದು ಅದರಲ್ಲೇ. ಆ ದಿನಗಳಲ್ಲಿ ಅಜ್ಜಂಪುರದಿಂದ ಪತ್ರ ಬರೆಸಲು ಬಂದ ಪಾರ್ಟಿಗಳನ್ನೆಲ್ಲ ಅಪ್ಪ ಪಕ್ಕದ ಮೇಜಿಗೆ ಕಳಿಸಿಬಿಟ್ಟರು.

"ಸೆಲ್ಫ್ ಅಡ್ಜಾಯಿಂಟ್ ಅಂದ್ರೆ ಏನಮ್ಮಾ?" ಎಂದು ಶುರುವಿನಲ್ಲೇ ಕೇಳಿದ್ದರು. ಅಮ್ಮನ ಬೋಗುಣಿ ತೋರಿಸಿದೆ. ಬಾಗಿದ ಮೈಮೇಲೆ ಒಂದು ಕಣ ಓಡಾಡುತ್ತದೆ. ಅದರ ಓಡಾಟವನ್ನು ಆಳುವ ಗಣಿತದ ನಿಯಮ, ಅಂದರೆ ಆಪರೇಟರ್, ಸೆಲ್ಫ್ ಅಡ್ಜಾಯಿಂಟ್ ಆಗಿದ್ದರೆ ಕಣ ಎಂದೂ ಕಳೆದುಹೋಗುವುದಿಲ್ಲ. ಮೈ ಚೆಂಡಿನದಾದರೆ ಅಂಚೇ ಇಲ್ಲ, ಯೋಚನೆಯಿಲ್ಲ. ಬೋಗುಣಿಗೆ ಅಂಚಿದೆ, ಅಲ್ಲಿ ಏನಾಗಬೇಕೆಂದು ಮೊದಲೇ ಬರೆಯದಿದ್ದರೆ ಆಪರೇಟರ್ ಅರೆಬರೆ.

"ಚಕ್ಕುಬಂದಿ ಅನ್ನು," ಎಂದರು ಅಪ್ಪ. ಜಮೀನಿನ ನಾಲ್ಕು ದಿಕ್ಕಿಗೆ ಏನಿದೆಯೆಂದು ಪತ್ರದಲ್ಲಿ ಬರೆಯುವ ಭಾಗವದು.

"ನಿಮ್ಮಪ್ಪಂಗೆ ನನ್ನ ಬೋಗುಣೀನೂ ಜಮೀನೇ ಕಣೇ!" ಅಮ್ಮ ಒಳಗಿಂದ ಅಂದಳು.

ಗಣಿತದ ಚಿಹ್ನೆಗಳಿಗೆ ಜಾಗ ಬಿಟ್ಟು ಅಪ್ಪ ಟೈಪ್ ಮಾಡುವುದು, ಮೊದಲ ಪ್ರತಿಯಲ್ಲಿ ನಾನು ಪೆನ್ನಿನಿಂದ ತುಂಬುವುದು. ಮೂರನೇ ಅಧ್ಯಾಯದ ನಡುವೆ ನನಗೆ ಹೊಳೆಯಿತು: ಬೋಗುಣಿಗಳಿಗೂ ಚೆಂಡಿನ ವಾದವನ್ನೇ ಹಚ್ಚಿದ್ದೇನೆ, ಅಂಚಿನ ಷರತ್ತೇ ಇಲ್ಲ. ಒಂದು ಸಾಲು ಸೇರಿಸಿ ಮುಗಿಸುವ ಹಾಗಿರಲಿಲ್ಲ, ಅಧ್ಯಾಯವೇ ಬದಲಾಗಬೇಕು. ಅಪ್ಪನ ನೀಲಿಗಟ್ಟಿದ ಬೆರಳುಗಳನ್ನು ನೋಡಿ ಸುಮ್ಮನಾದೆ. ಪರೀಕ್ಷಕರಿಗೆ ಕಾಣಲಿಕ್ಕಿಲ್ಲ ಎಂದುಕೊಂಡೆ. ಬಾಯಿ ಬಿಡದಿರುವುದರಲ್ಲಿ ನಾನು ಚಿಕ್ಕಂದಿನಿಂದಲೂ ಜಾಣೆ.

ಅಧ್ಯಾಯದ ಕೊನೆಯ ಹಾಳೆ ತೆಗೆದು ಅಪ್ಪ ಕನ್ನಡಕ ಒರೆಸಿಕೊಂಡರು. "ಎರಡನೇ ಅಧ್ಯಾಯದಾಗೆ ಪ್ರತಿ ಸಲ ಅಂಚಿನ ಸಾಲಿತ್ತು. ಇದರ ಚಕ್ಕುಬಂದಿ ಎಲ್ಲಮ್ಮಾ?"

ನನಗೆ ಅಳು ಬಂತು.

"ಅಳ್ತೀಯಾಕೆ? ಹೊಸ ಹಾಳೆ ಕೊಡು."

ಮತ್ತೆ ಒಂಬತ್ತು ದಿನ ನಾನು ಬರೆದೆ, ಅವರು ಟೈಪ್ ಮಾಡಿದರು. ನನಗೆ ಮೊದಲೇ ಗೊತ್ತಿತ್ತೆಂದು ಮಾತ್ರ ಹೇಳಲಿಲ್ಲ.

ಇಷ್ಟು ವರ್ಷಗಳ ಮೇಲೆ ಇವತ್ತು ಟ್ರಂಕಿನಲ್ಲಿ ಸಿಕ್ಕಿದ್ದು ಆ ರದ್ದಾದ ಅಧ್ಯಾಯದ ಕಾರ್ಬನ್ ಪ್ರತಿ. ಚಿಹ್ನೆಗಳ ಜಾಗ ಇನ್ನೂ ಖಾಲಿ. ಮೊದಲ ಹಾಳೆಯ ಮೂಲೆಯಲ್ಲಿ ಅಪ್ಪನ ಪೆನ್ಸಿಲ್ ಅಕ್ಷರ: "ಚಕ್ಕುಬಂದಿ ಇಲ್ಲ. ಅವಳೇ ಹೇಳಲಿ."

ಮೊದಲ ಹಾಳೆಯಲ್ಲೇ. ಅಲ್ಲಿಂದ ಮುಂದೆ ಮೂವತ್ತಾರು ಹಾಳೆ ಅವರು ಕಾಯುತ್ತ ಟೈಪ್ ಮಾಡಿದ್ದಾರೆ.

ಹಾಳೆ ಹಿಡಿದು ಜಗುಲಿಗೆ ಹೋದೆ. ಅಪ್ಪ ಪೇಪರ್ ಓದುತ್ತಿದ್ದರು.

"ಅಪ್ಪಾ, ಅವತ್ತು ನೀವು ಕೇಳೋಕೆ ಮುಂಚೇನೇ ನಂಗೆ ಗೊತ್ತಿತ್ತು."

ಅವರು ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು.

"ಹೇಳ್ದೆಯಲ್ಲ, ಬಿಡು," ಎಂದರು. "ಹೋಗಿ ಕೈ ತೊಳ್ಕೊ. ಮಸಿ ಸೀರೆಗೆ ಹತ್ತುತ್ತೆ."