ಲಾಡಿಗೆ ಕಟ್ಟಿದ ಮೂರು ದಾರ

ಹಳೆಯ ಸೀರೆಗಳನ್ನು ಬಿಸಿಲಿಗೆ ಹಾಕೋಣವೆಂದು ಟ್ರಂಕು ತೆಗೆದರೆ ತಳದಲ್ಲಿ ಲಂಗದ ಲಾಡಿಯೊಂದು ಸಿಕ್ಕಿತು. ಬರೀ ಲಾಡಿ, ಲಂಗವಿಲ್ಲ. ನಗಬೇಡಿ. ತೊಂಬತ್ತರ ದಶಕದಲ್ಲಿ, ನಾವು ವಡೋದರಾದ ಗೋರ್ವಾದಲ್ಲಿದ್ದಾಗ, ಒಂದು ತಿಂಗಳು ನನ್ನ ಜೀವ ಇದಕ್ಕೇ ಜೋತುಬಿದ್ದಿತ್ತು.

ಯಜಮಾನರಿಗೆ ಹುಬ್ಬಳ್ಳಿಯಿಂದ ಅಲ್ಲಿಯ ಕೇಂದ್ರ ಸರ್ಕಾರದ ಕಚೇರಿಗೆ ವರ್ಗವಾಗಿತ್ತು. ನನಗೆ ಹೊಟ್ಟೆ ಭಾರ, ಸೊಂಟನೋವು. ಸೋನೋಗ್ರಫಿ ಮಾಡಿದರೆ ಅಂಡಾಶಯದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಆರು ವಾರ ಬಿಟ್ಟು ನೋಡಿದರೆ ಮೋಸಂಬಿಯಷ್ಟು! "ಬಹುತ್ ಜಲ್ದಿ ಬಢ್ ರಹಾ ಹೈ, ಬೆನ್," ಎಂದರು ಡಾಕ್ಟರಮ್ಮ. ಬಲು ಬೇಗ ಬೆಳೆಯುತ್ತಿದೆಯಂತೆ. ತೆಗೆದು ಪರೀಕ್ಷೆ ಮಾಡುವವರೆಗೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲಾಗದಂತೆ. ಆಪರೇಷನ್‌ಗೆ ತಿಂಗಳು ಕಾಯಬೇಕು. ಈ ಡಾಕ್ಟರುಗಳಿಗೆ ಹಣ್ಣಿನಂಗಡಿಯ ಮೇಲೆ ಯಾಕಿಷ್ಟು ಪ್ರೀತಿಯೋ! ನಾನಂತೂ ಮೋಸಂಬಿ ಕೊಳ್ಳುವುದನ್ನೇ ಬಿಟ್ಟೆ.

ಹೆದರುವುದಕ್ಕೂ ಶಕ್ತಿ ಬೇಕು ನೋಡಿ. ನನಗೆ ಅದೂ ಸಾಕಾಗಿಹೋಗಿತ್ತು. ಅನ್ನ ಬಸಿಯುವಾಗಲೂ ಒಂದು ಕೈ ಹೊಟ್ಟೆಯ ಮೇಲೆ. ಪಕ್ಕದ ಮನೆಯವರು "ಕೇಮ್ ಛೋ?" ಎಂದರೆ "ಮಜಾಮಾ" ಎನ್ನಬೇಕು. ಚೆನ್ನಾಗಿದ್ದೇನೆ ಎಂದು. ಬೇರೆ ಉತ್ತರವನ್ನು ಆ ಊರಿನಲ್ಲಿ ನಾನು ಕೇಳಿಯೇ ಇಲ್ಲ. ದಿನಕ್ಕೆ ನಾಲ್ಕು ಸಲ ಮಜಾಮಾ ಎಂದು ಹೇಳಿ ಹೇಳಿ ದಣಿದಿದ್ದೆ.

ಆಗ ಹಿಡಿದದ್ದು ಈ ಲಾಡಿ. ಪ್ರತಿ ಸೋಮವಾರ ಬಚ್ಚಲಿನಲ್ಲಿ ಹೊಟ್ಟೆಗೆ ಸುತ್ತಿ, ಎಲ್ಲಿಗೆ ಬಂತೋ ಅಲ್ಲೊಂದು ಕೆಂಪು ದಾರ ಕಟ್ಟುತ್ತಿದ್ದೆ. ಟೇಪ್ ಇರಲಿಲ್ಲವೇ? ಇತ್ತು. ಟೇಪಿನಲ್ಲಿ ಅಂಕಿಗಳಿರುತ್ತವೆ, ಅಂಕಿ ನೋಡುವ ಧೈರ್ಯ ನನಗಿರಲಿಲ್ಲ. ವಾರಕ್ಕೆ ಒಂದು ಬೆರಳಿನಂತೆ ದಾರ ಮುಂದೆ ಹೋಗುತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ಲಾಡಿ ನೇತಾಡುತ್ತಿದ್ದುದನ್ನು ಇವರೂ ನೋಡುತ್ತಿದ್ದರು, ಯಾತಕ್ಕೆಂದು ಅವರಿಗೂ ಗೊತ್ತಿತ್ತು.

ನಾಲ್ಕನೆಯ ಸೋಮವಾರ ಸುತ್ತಿದರೆ, ಅಳತೆ ಮೂರನೆಯ ದಾರವನ್ನು ಮುಟ್ಟಲೇ ಇಲ್ಲ. ಎರಡು ಬೆರಳು ಹಿಂದೆಯೇ ನಿಂತಿತು. ಅಳುತ್ತಲೇ ಓಡಿಬಂದೆ.

"ರೀ, ಗಡ್ಡಿ ಇಳದದ್ರೀ! ಆಪರೇಷನ್ ಬ್ಯಾಡ!"

ಅವರ ಮುಖ ಸುಣ್ಣದಂತಾಯಿತು. "ಹುಚ್ಚಿ ಇದ್ದೀಯೇನು? ಲಾಡಿ ನೋಡಿ ಆಪರೇಷನ್ ಬಿಡೋದು?"

"ನನಗ ಆರಾಮಾದ್ರ ನಿಮಗ್ಯಾಕ ಸಿಟ್ಟು?"

ಎರಡು ದಿನ ಮಾತಿಲ್ಲ. ಮೂರನೆಯ ದಿನ ಅವರು ನನ್ನ ಮುಂದೆ ನಿಂತು ಕೈಮುಗಿದರು. ದೇವರಿಗೂ ಅವಸರದಲ್ಲಿ ಕೈಮುಗಿಯುವ ಮನುಷ್ಯ! ಬೈದುಕೊಳ್ಳುತ್ತಲೇ ಆಸ್ಪತ್ರೆಗೆ ಹೋದೆ. ತೆಗೆದಾಗ ಗಡ್ಡೆ ತೆಂಗಿನಕಾಯಿಯಷ್ಟಿತ್ತು. ಪುಣ್ಯ, ಕ್ಯಾನ್ಸರ್ ಆಗಿರಲಿಲ್ಲ. ಹಾಗಾದರೆ ಇಳಿದದ್ದೇನು? ತೊಳೆದು ತೊಳೆದು ಲಾಡಿಯೇ ಹಿಗ್ಗಿರಬೇಕು ಎಂದುಕೊಂಡು ಮರೆತೆ.

ಇವತ್ತು ಕನ್ನಡಕ ಹಾಕಿಕೊಂಡು ನೋಡಿದೆ. ಮೊದಲಿನ ಎರಡು ದಾರಗಳಿಗೆ ನನ್ನ ಗಂಟು, ಹೂ ಕಟ್ಟುವಾಗ ಹಾಕುವಂಥದ್ದು. ಮೂರನೆಯದಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು. ಕಚೇರಿಯಲ್ಲಿ ಫೈಲಿನ ಕಟ್ಟುಗಳಿಗೆ ಹಾಕುವ ಗಂಟು. ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯ ಬಟ್ಟೆಗೂ ರದ್ದಿ ಪೇಪರಿಗೂ ಇವರು ಇವತ್ತಿಗೂ ಅದನ್ನೇ ಹಾಕುತ್ತಾರೆ.

ಲಾಡಿ ಹಿಡಿದು ಪಡಸಾಲೆಗೆ ಹೋದೆ. "ಇದನ್ನ ಮುಂದ ಸರಿಸಿ ಕಟ್ಟಿದವರು ಯಾರ್ರೀ?"

ಪೇಪರು ಕೆಳಗಿಟ್ಟು ಆ ಗಂಟನ್ನು ಹೆಬ್ಬೆರಳಿನಿಂದ ಸವರಿದರು. "ನಿನಗ ಒಂದ್ ರಾತ್ರಿಯರ ನಿದ್ದಿ ಬರ್ಲಿ ಅಂತ ಮಾಡಿದ್ದೆ," ಎಂದರು. "ನೀ ಆಪರೇಷನ್ನೇ ಬ್ಯಾಡ ಅಂದಿ. ಆಮ್ಯಾಲೆ ನನಗ ನಿದ್ದಿ ಇಲ್ಲ."

ಸೀರೆಗಳನ್ನು ಮಡಿಸಿ ಟ್ರಂಕಿನಲ್ಲಿಟ್ಟೆ. ಲಾಡಿಯ ಮೊದಲಿನ ಎರಡು ದಾರ ಬಿಚ್ಚಿ ಎಸೆದೆ. ಮೂರನೆಯದನ್ನು ಹಾಗೇ ಬಿಟ್ಟೆ.