ಕಮಾಂಡರನ ಎಡಗಣ್ಣು

ದ್ವಾರಕಾ ನಗರದ ಬ್ಯಾಂಕಿನಲ್ಲಿ ಶ್ರೀವತ್ಸನ ಮೇಜಿನ ಮೇಲೆ ಫೈಲು ಮರುದಿನಕ್ಕೆ ಉಳಿದದ್ದನ್ನು ಯಾರೂ ನೋಡಿಲ್ಲ. ಬೆಳಿಗ್ಗೆ ಬಂದ ಅರ್ಜಿಗೆ ಸಂಜೆಯೊಳಗೆ ಹೌದು ಅಥವಾ ಇಲ್ಲ, ಎರಡರಲ್ಲೊಂದು ಆಗಿಬಿಡುತ್ತಿತ್ತು. ಅದೇ ಮನುಷ್ಯ ಮಧುರವಾಡದ ತನ್ನ ಫ್ಲ್ಯಾಟಿಗೆ ಬಂದು, ಬಾಲ್ಕನಿಗೆ ಅಂಟಿದ ಚಿಕ್ಕ ಕೋಣೆಯಲ್ಲಿ ಭೂತಗನ್ನಡಿಯ ದೀಪ ಹಚ್ಚಿಕೊಂಡು ಕೂತರೆ, ಒಂದು ಹುಬ್ಬಿಗೆ ಒಂದು ವಾರ ತೆಗೆದುಕೊಳ್ಳುತ್ತಿದ್ದ.

ಅವನು ತುಮಕೂರಿನವನು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಹೊಸತರಲ್ಲಿ, ಭಾಷೆ ಬಾರದ ಊರಿನ ಭಾನುವಾರಗಳನ್ನು ಕಳೆಯಲು ಹಿಡಿದ ಹವ್ಯಾಸ ಇದು. ಹಳೆಯ ಆಕ್ಷನ್ ಫಿಗರ್‌ಗಳ, ಅಂದರೆ ಕೈಕಾಲು ಮಡಚುವ ಗೇಣುದ್ದದ ಪ್ಲಾಸ್ಟಿಕ್ ವೀರರ, ಮುಖಕ್ಕೆ ಹೊಸದಾಗಿ ಬಣ್ಣ ಹಾಕುವುದು. ಆಗಿನ ಕಾರ್ಖಾನೆಗಳಲ್ಲಿ ಮುಖದ ಮೇಲೆ ಬಣ್ಣದ ಅಚ್ಚೊತ್ತಿ ಮುಂದೆ ತಳ್ಳುತ್ತಿದ್ದರು. ಅಚ್ಚು ಕೂದಲೆಳೆಯಷ್ಟು ಜರುಗಿದರೂ ಕಣ್ಣು ಕೆನ್ನೆಗೆ ಇಳಿಯುತ್ತಿತ್ತು. ಮೂಗು, ಗಲ್ಲ, ಹಣೆಯ ಗೆರೆ ಎಲ್ಲವನ್ನೂ ಯಾರೋ ಪುಣ್ಯಾತ್ಮ ಚೆನ್ನಾಗಿಯೇ ರೂಪಿಸಿರುತ್ತಿದ್ದ. ಮೇಲಿನ ಬಣ್ಣ ಅದನ್ನೆಲ್ಲ ಮುಚ್ಚಿ ಹಾಳುಮಾಡಿರುತ್ತಿತ್ತು. ಈಗಿನ ಬೊಂಬೆಗಳ ಮುಖವೋ, ಯಂತ್ರದಲ್ಲಿ ಮುದ್ರಣವಾಗಿ, ಜೀವಂತ ಮನುಷ್ಯರ ಹಾಗೆ ಕಾಣುತ್ತದೆ. ಹಳೆಯವಕ್ಕೂ ಅಂಥ ಮುಖ ಸಿಗಬೇಕು ಅನ್ನುವುದು ಶ್ರೀವತ್ಸನ ಆಸೆ.

ಇಂಥ ಬೊಂಬೆಗಳನ್ನು ಜೋಪಾನ ಮಾಡಿಕೊಂಡವರದೊಂದು ವಾಟ್ಸಾಪ್ ಗುಂಪಿತ್ತು. ಜಗನ್ಮೋಹನ್ ಪರಿಚಯವಾದದ್ದು ಅಲ್ಲಿ. ಅವನಿಗೆ ವಿಜಯವಾಡದ ಆಟೋ ನಗರದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ತಂದೆ ತೆಲುಗಿನವರು, ತಾಯಿ ಹೊಸಪೇಟೆಯವರು. ತಾಯಿ ಹೋದ ಮೇಲೆ ಅವನ ಬಾಯಿಗೆ ಕನ್ನಡ ಬರುವ ಸಂದರ್ಭವೇ ಕಡಿಮೆಯಾಗಿತ್ತು. ಶ್ರೀವತ್ಸ ಕನ್ನಡದವನೆಂದು ಗೊತ್ತಾದ ದಿನವೇ ಫೋನ್ ಮಾಡಿದ. ಆ ಬೇಸಿಗೆಯಲ್ಲಿ ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ರತ್ನಾಚಲ್ ರೈಲು ಹತ್ತಿ ಮನೆಗೇ ಬಂದುಬಿಟ್ಟ.

ಕ್ಯಾರಿಯರ್‌ನ ಡಬ್ಬಿಗಳಲ್ಲಿ ಹಳೆಯ ಪಂಚೆಯ ತುಂಡು ಸುತ್ತಿಕೊಂಡು ಏಳು ಬೊಂಬೆಗಳು ಮಲಗಿದ್ದವು. ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಸೋದರಮಾವ ಸಿಂಗಪುರದಿಂದ ತಂದುಕೊಟ್ಟ ಆಕಾಶಯೋಧರ ತಂಡ.

"ಇವನು ಕಮಾಂಡರ್," ಅಂತ ಜಗನ್ಮೋಹನ್ ಒಂದನ್ನು ಎತ್ತಿ ತೋರಿಸಿದ. "ಬಲಗಣ್ಣು ಮೂಗಿನ ಕಡೆ, ಎಡಗಣ್ಣು ಫ್ಯಾನಿನ ಕಡೆ. ಚಿಕ್ಕವನಿದ್ದಾಗ ಎಷ್ಟು ತಿರುಗಿಸಿದ್ರೂ ನನ್ನ ನೋಡ್ತಿರ್ಲಿಲ್ಲ ರೀ ಇವನು. ನೆಟ್ಟಗೆ ನೋಡೋ ಹಂಗೆ ಮಾಡ್ರಿ, ಅಷ್ಟು ಸಾಕು."

ಶ್ರೀವತ್ಸನ ಹೆಂಡತಿ ಸಹನಾ ಊಟಕ್ಕೆ ಬಡಿಸಿದಳು. ಸಾರಿನ ಮೊದಲ ತುತ್ತಿಗೇ ಜಗನ್ಮೋಹನ್, "ನಮ್ಮಮ್ಮನ ಸಾರು ಹಿಂಗೇ ಇರ್ತಿತ್ತು ರೀ," ಅಂದ. ಆಮೇಲೆ ಮೂರು ಸಲ ಹಾಕಿಸಿಕೊಂಡ. ಸಿಹಿ ಮಾತ್ರ ಬೇಡವೆಂದ, ಶುಗರ್ ಇದೆಯೆಂದು.

ಆರು ಮುಖಗಳು ದಸರಾ ಹೊತ್ತಿಗೆ ಮುಗಿದವು. ಶ್ರೀವತ್ಸ ಹಳೆಯ ಬಣ್ಣವನ್ನು ಸ್ಪಿರಿಟ್ಟಿನಿಂದ ತೆಗೆದು, ನೀರಿನಷ್ಟು ತೆಳು ಮಾಡಿದ ಬಣ್ಣವನ್ನು ಪದರದ ಮೇಲೆ ಪದರ ಹಾಕಿ, ಕುಂಚದ ಗುರುತೇ ಉಳಿಯದ ಹಾಗೆ ಮಾಡಿದ್ದ. ಕೆಲಸದಲ್ಲಿ ಅವನಿಗೆ ಹೆಮ್ಮೆಯಿದ್ದದ್ದು ಅದೊಂದಕ್ಕೇ. ಉಳಿದವನು ಕಮಾಂಡರ್. ಬಲಗಣ್ಣು ಒಂದೇ ಸಲಕ್ಕೆ ಕೂತಿತು. ಎಡಗಣ್ಣು ಕೂರಲಿಲ್ಲ. ಕೂತಿತು ಅನ್ನಿಸಿದ ಸಲ, ಕೊನೆಗೆ ಹೊಡೆಯುವ ವಾರ್ನಿಶ್ ಕಡಲ ಗಾಳಿಯ ತೇವಕ್ಕೆ ಬೂದಿ ಬಳಿದಂತೆ ಮಂಜಾಯಿತು. ಎಲ್ಲ ಅಳಿಸಿ ಮತ್ತೆ ಶುರುಮಾಡಿದ.

ಜಗನ್ಮೋಹನ್ ಭಾನುವಾರ ಫೋನ್ ಮಾಡುತ್ತಿದ್ದ.

"ಎಲ್ಲಿವರೆಗೂ ಬಂತು ಶ್ರೀವತ್ಸ ಗಾರು? ಒಂದು ಫೋಟೋ ಆದ್ರೂ ಹಾಕ್ರಿ."

"ಅರ್ಧಂಬರ್ಧ ನೋಡ್ಬಾರ್ದು. ಏಳೂ ಒಟ್ಟಿಗೆ ನಿಲ್ಲಿಸಿ ತೋರಿಸ್ತೀನಿ."

"ಸರಿ, ನಿಮ್ಮಿಷ್ಟ. ಸ್ವಲ್ಪ ಬೇಗ ಆದ್ರೆ ಒಳ್ಳೇದು, ಬಾಗುಂಟುಂದಿ. ಮೊನ್ನೆ ಕಣ್ಣಿಗೆ ಒಂದು ಇಂಜೆಕ್ಷನ್ ಹಾಕಿದ್ರು."

"ಅಯ್ಯೋ, ಹುಷಾರು ನೋಡ್ಕೊಳ್ಳಿ. ಚಳಿ ಬಿದ್ರೆ ಇಲ್ಲಿ ಗಾಳಿ ಒಣಗುತ್ತೆ, ಆಗ ಮುಗಿಸಿಬಿಡ್ತೀನಿ."

ಇಂಜೆಕ್ಷನ್ ಮಾತನ್ನು ಶ್ರೀವತ್ಸ ಕೇಳಿಸಿಕೊಂಡ, ಅಷ್ಟೇ. ಅವನ ಕಣ್ಣು ಆಗಲೂ ದೀಪದ ಕೆಳಗಿನ ಸಾಸಿವೆಯಷ್ಟು ಕಣ್ಣಿನ ಮೇಲಿತ್ತು. ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದ ಸಹನಾ, "ಆರು ಆಗಿದೆಯಲ್ರೀ, ಅಷ್ಟನ್ನಾದ್ರೂ ಕಳಿಸಿ. ಪಾಪ, ಎಷ್ಟು ಸಲ ಕೇಳ್ತಾರೆ," ಅಂದಳು.

"ಕಮಾಂಡರ್ ಇಲ್ದೆ ತಂಡ ಹ್ಯಾಗೆ ಕಳಿಸ್ಲಿ?" ಅಂದ ಶ್ರೀವತ್ಸ.

ಚಳಿ ಬಿತ್ತು. ಮಾರ್ಚ್‌ಗೆ ಮುಂಚಿನ ಕೆಲಸದೊತ್ತಡವೂ ಬಂತು. ಭಾನುವಾರದ ಫೋನ್ ಯಾವಾಗ ನಿಂತಿತೆಂದು ಶ್ರೀವತ್ಸ ಗಮನಿಸಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಎಡಗಣ್ಣು ಕೂತಿತು. ಬೊಂಬೆಯನ್ನು ಎಲ್ಲಿ ಹಿಡಿದರೂ ಅದು ಎದುರಿನವರನ್ನು ನೋಡುತ್ತಿತ್ತು. ಹೇಳದೆ ಹೋಗಿ ಅಚ್ಚರಿಪಡಿಸೋಣವೆಂದು ಅದೇ ಟಿಫಿನ್ ಕ್ಯಾರಿಯರ್ ಹಿಡಿದು ಅವನು ವಿಜಯವಾಡದ ರೈಲು ಹತ್ತಿದ.

ಪಟಮಟ ಬಡಾವಣೆಯ ಮನೆಯಲ್ಲಿ ಬಾಗಿಲು ತೆಗೆದವಳು ಜಗನ್ಮೋಹನನ ಹೆಂಡತಿ ಲಕ್ಷ್ಮೀಪ್ರಸನ್ನ. ಅತ್ತೆಯಿಂದ ಕಲಿತ ಕನ್ನಡ ಅವಳದು. ಕ್ಯಾರಿಯರ್ ನೋಡಿದ್ದೇ ಅವಳ ಮುಖ ಬದಲಾಯಿತು. ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು ಹೊಸ್ತಿಲಲ್ಲೇ ನಿಂತಳು.

"ಅವರಿಗೆ ಈಗ ಕಣ್ಣು ಕಾಣಲ್ಲ ಅಂಡಿ. ಶುಗರ್‌ನಿಂದ ಕಣ್ಣಿನ ಒಳಗಡೆ ರಕ್ತ ಬಂದುಬಿಡ್ತು. ಆಪರೇಷನ್ನೂ ಆಯ್ತು. ಬೆಳಕು ಇದೆ, ಇಲ್ಲ, ಅಷ್ಟೇ ತಿಳಿಯೋದು."

"ನನಗೆ ಯಾಕಮ್ಮ ಹೇಳ್ಲಿಲ್ಲ?"

"ಬೇಡ ಅಂದ್ರು. ಹೇಳಿದ್ರೆ ನೀವು ಅವಸರ ಮಾಡ್ತೀರಿ, ಕೆಲಸ ಕೆಡ್ತದೆ ಅಂತ." ಅವಳು ಕ್ಯಾರಿಯರ್ ಕಡೆಗೇ ನೋಡುತ್ತಿದ್ದಳು. "ಸಂಕ್ರಾಂತಿವರೆಗೂ ಫೋನಲ್ಲಿ ಅಕ್ಷರ ದೊಡ್ಡದು ಮಾಡಿ, ಮುಖದ ಹತ್ರ ಇಟ್ಕೊಂಡು ನೋಡ್ತಿದ್ರು. ನಿಮ್ಮ ಮೆಸೇಜ್ ಬಂತಾ ಅಂತ ನೋಡು ಅನ್ನೋರು ನನಗೆ."

ಶ್ರೀವತ್ಸನಿಗೆ ವಾಪಸ್ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ, "ಎವರು ಲಕ್ಷ್ಮೀ?" ಎಂಬ ದನಿ ಬಂತು.

ಜಗನ್ಮೋಹನ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ದನಿ ಗುರುತು ಹಿಡಿದು ಎದ್ದು, ಕೈಚಾಚಿ ನಗುತ್ತ ನಿಂತ. ಕೈ ಸ್ವಲ್ಪ ಬೇರೆ ದಿಕ್ಕಿಗಿತ್ತು. "ಆಯ್ತಾ? ಏಳೂ? ಕೊಡ್ರಿ, ಮೊದಲು ಅವನನ್ನ ಕೊಡ್ರಿ."

ಶ್ರೀವತ್ಸ ಕಮಾಂಡರನನ್ನು ಅವನ ಅಂಗೈಯಲ್ಲಿಟ್ಟ. ಜಗನ್ಮೋಹನ್ ಹೆಬ್ಬೆರಳನ್ನು ಹಣೆಯಿಂದ ಗಲ್ಲದವರೆಗೆ ನಿಧಾನ ಇಳಿಸಿದ, ಮತ್ತೆ ಮೇಲಕ್ಕೆ ತಂದ.

"ಮೂಗು ಅದೇ. ಗಲ್ಲದ ಗುಳಿ ಅದೇ." ಬೆರಳು ಕಣ್ಣಿನ ಮೇಲ್ಗಡೆ ನಿಂತಿತು. "ಹುಬ್ಬು ಎಲ್ಲಿ ಹೋಯ್ತು? ಮೊದಲು ಇಲ್ಲಿ ಬಣ್ಣ ದಪ್ಪಗೆ ಸಿಗ್ತಿತ್ತು ಕದಾ."

"ಇದೆ, ಜಗನ್ಮೋಹನ್ ಗಾರು. ತೆಳುವಾಗಿ ಹಾಕಿದೀನಿ. ಕೈಗೆ ಸಿಗಲ್ಲ."

"ಓ."

ಬೊಂಬೆಯನ್ನು ಮುಖದೆದುರು ಎತ್ತಿ ಹಿಡಿದು ಜಗನ್ಮೋಹನ್ ಕೇಳಿದ, "ಹೇಳ್ರಿ. ಹ್ಯಾಗಿದಾನೆ?"

ಶ್ರೀವತ್ಸ ಹೇಳಲು ಹೋದ. ಕಣ್ಣು ಕಂದು, ಕೆಳಗೆ ಸ್ವಲ್ಪ ನಿದ್ದೆಗೆಟ್ಟ ನೆರಳು, ತುಟಿ ಬಿಗಿ, ಇನ್ನೇನು ಮಾತಾಡುವ ಹಾಗೆ. ಕೇಳಿಸಿಕೊಂಡಾಗ ಅವನಿಗೇ ಅದು ಯಾರದೋ ಗುರುತಿನ ಚೀಟಿ ಓದಿದಂತಿತ್ತು. ತಿಂಗಳುಗಟ್ಟಲೆ ನೋಡಿದ ಮುಖಕ್ಕೆ ನಾಲ್ಕು ಮಾತು ಸಿಗಲಿಲ್ಲ.

"ಯಾರನ್ನ ನೋಡ್ತಿದಾನೆ?"

ಶ್ರೀವತ್ಸ ಅವನ ಕೈಯಲ್ಲಿದ್ದ ಬೊಂಬೆಯನ್ನು ಮೆಲ್ಲಗೆ ತಿರುಗಿಸಿದ. "ನಿಮ್ಮನ್ನೇ."

ಜಗನ್ಮೋಹನ್ ತಲೆಯಾಡಿಸಿದ. ಲಕ್ಷ್ಮೀಪ್ರಸನ್ನ ಕಾಫಿ ತರುತ್ತೇನೆಂದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

"ವಾಪಸ್ ಒಯ್ದು ಹುಬ್ಬು ದಪ್ಪ ಮಾಡಿ ತರ್ತೀನಿ. ಒಂದೇ ವಾರ," ಅಂದ ಶ್ರೀವತ್ಸ. "ಆಗಲೇ ಫೋಟೋ ಕಳಿಸ್ಬೇಕಿತ್ತು. ಆರು ಮುಗಿದಿದ್ವು, ಕಳಿಸ್ಲಿಲ್ಲ ನಾನು."

"ಬೇಡ ರೀ, ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ಕೆಡಿಸ್ಬೇಡಿ," ಅಂದ ಜಗನ್ಮೋಹನ್. ಫೋಟೋದ ಮಾತು ಬಿಟ್ಟು ಅಂಗಡಿಯ ವಿಷಯ ತೆಗೆದ. ತಮ್ಮ ರಾಮಮೋಹನ್ ಈಗ ನೋಡಿಕೊಳ್ಳುತ್ತಿದ್ದಾನೆಂದ.

ಮನೆಗೆ ಬಂದಾಗ ಸಹನಾ, "ಏನಂದ್ರು?" ಅಂತ ಕೇಳಿದಳು. "ಚೆನ್ನಾಗಿದೆ ಅಂದ್ರು," ಅಂದವನು ಚಪ್ಪಲಿ ಬಿಡುವುದನ್ನೂ ಮರೆತು ಸೋಫಾದ ತುದಿಯಲ್ಲಿ ಕೂತ. ಉಳಿದದ್ದನ್ನು ಹೇಳಲು ಮತ್ತೆರಡು ದಿನ ಬೇಕಾಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಶ್ರೀವತ್ಸ ಈಗಲೂ ಬಣ್ಣ ಹಾಕುತ್ತಾನೆ, ಮೊದಲಿನಷ್ಟಿಲ್ಲ. ಯಾರದೇ ಬೊಂಬೆ ಬರಲಿ, ಅವತ್ತವತ್ತು ಆದಷ್ಟನ್ನು ಫೋಟೋ ತೆಗೆದು ಕಳಿಸಿಬಿಡುತ್ತಾನೆ. ಭಾನುವಾರ ವಿಜಯವಾಡಕ್ಕೆ ಫೋನ್ ಮಾಡುವುದು ಈಗ ಅವನ ಪಾಳಿ. ಜಗನ್ಮೋಹನ್ ಚೆನ್ನಾಗಿಯೇ ಮಾತಾಡುತ್ತಾನೆ: ಸೆಕೆ, ಕೃಷ್ಣೆಯ ನೀರು, ಹೊಸಪೇಟೆಯ ಯಾವುದೋ ಮದುವೆ. ಬೊಂಬೆಗಳ ಮಾತು ಮಾತ್ರ ಅವನಾಗಿ ತೆಗೆಯುವುದಿಲ್ಲ, ಶ್ರೀವತ್ಸನಿಗೂ ಕೇಳಲು ಬಾಯಿ ಬರುವುದಿಲ್ಲ.